ಮೂರು ವಾರಗಳ ಬಿಡುವು: ಆನ್‌ಲೈನ್ ಜೂಜಿನ ನಿಷೇಧ ಮತ್ತು ಒಂದು ಮನೆಯ ಲೆಕ್ಕದ ಪುಸ್ತಕ

ಬೆಳಗಾವಿ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲ್ಲೂಕೊಂದರ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಕ್ಕೆ, ಅಂದರೆ ಮಾನಸಿಕ ಆರೋಗ್ಯದ ಹೊರರೋಗಿ ಶಿಬಿರಕ್ಕೆ, 2025ರ ನವೆಂಬರ್ 4ರಂದು ಬಂದ ದಂಪತಿಯ ಪ್ರಕರಣವಿದು. ಅಲ್ಲಿ ನಾನು ಆಪ್ತಸಮಾಲೋಚನೆಯ ಕೆಲಸ ಮಾಡುತ್ತೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ವಯಸ್ಸು, ಮೊತ್ತ ಮತ್ತು ಕೆಲವು ದಿನಾಂಕಗಳನ್ನು ಅರ್ಥ ಕೆಡದಷ್ಟು ಬದಲಿಸಿದ್ದೇನೆ. ಗಂಡ ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿಗಳನ್ನು ತೂಗುವ ಕಟ್ಟೆಯಲ್ಲಿ, ಚೀಟಿ ಬರೆಯುವ ಗುಮಾಸ್ತರಾದ್ದರಿಂದ ಇಲ್ಲಿ ಅವರನ್ನು ಗುಮಾಸ್ತ ಎಂದಷ್ಟೇ ಕರೆಯುತ್ತೇನೆ.

ನಾಲ್ಕು ವರ್ಷಗಳ ಅವಧಿಯಲ್ಲಿ ಸರ್ಕಾರ ಎರಡು ಬಾರಿ ಇವರ ಮೊಬೈಲಿನ ಆಟ ನಿಲ್ಲಿಸಿತು. ಎರಡೂ ಬಾರಿ ಇವರು ಸುಮಾರು ಮೂರು ವಾರ ಆಡದೆ ಇದ್ದರು, ಎರಡೂ ಬಾರಿ ಮತ್ತೆ ಶುರುಮಾಡಿದರು. ನಿಷೇಧ ಬೇಕೇ ಬೇಡವೇ ಎಂಬ ವಾದಕ್ಕಿಂತ ಆ ಮೂರು ವಾರಗಳಲ್ಲಿ ಏನಾಯಿತು, ಏನಾಗಬಹುದಿತ್ತು ಎಂಬುದೇ ನಮ್ಮಂಥವರ ಕೆಲಸಕ್ಕೆ ಹೆಚ್ಚು ಉಪಯುಕ್ತವೆಂದು ತೋರಿದ್ದರಿಂದ ಈ ಪ್ರಕರಣವನ್ನು ಆರಿಸಿಕೊಂಡೆ.

ಹಿನ್ನೆಲೆ

ಗುಮಾಸ್ತರಿಗೆ ಈಗ ಮೂವತ್ತನಾಲ್ಕು ವರ್ಷ. ಸಂಬಳ ತಿಂಗಳಿಗೆ 19,000 ರೂಪಾಯಿ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಅದರಲ್ಲೂ ಕಡಿತ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು, ಇಪ್ಪತ್ತು ಗುಂಟೆ ಹೊಲ. ಹೆಂಡತಿ ಹೊಲಿಗೆ ಕೆಲಸ ಮಾಡುತ್ತಾರೆ. ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವವರೂ ಅವರೇ. ಈ ಸಂಗತಿಯನ್ನು ಮೊದಲ ಭೇಟಿಯಲ್ಲಿ ನಾನು ಅಷ್ಟಾಗಿ ಗಮನಿಸಲಿಲ್ಲ, ಮುಂದೆ ಪ್ರಕರಣವನ್ನು ದಡ ಸೇರಿಸಿದ್ದು ಬಹುಮಟ್ಟಿಗೆ ಅದೇ.

ಹಂಗಾಮಿನಲ್ಲಿ ಕಾಟಾದ ರಾತ್ರಿ ಪಾಳಿಯೆಂದರೆ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದಾಗ ಉಸಿರಾಡಲು ಬಿಡುವಿಲ್ಲ. ಗಾಣ ಕೆಟ್ಟು ನಿಂತರೆ ಎರಡು ತಾಸು ಒಂದು ಗಾಡಿಯೂ ಕದಲದು. ಆ ಖಾಲಿ ತಾಸುಗಳಲ್ಲಿ, 2020ರ ಲಾಕ್‌ಡೌನಿನ ನಂತರ, ಮೊದಲು ಕ್ರಿಕೆಟ್ಟಿನ ಫ್ಯಾಂಟಸಿ ಟೀಮು (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಹಣ ಹೂಡುವ ಆಟ), ಆಮೇಲೆ ಹಣ ಕಟ್ಟಿ ಆಡುವ ರಮ್ಮಿ ಸೇರಿಕೊಂಡವು. ಒಂದು ವರ್ಷದಲ್ಲಿ ತಿಂಗಳಿಗೆ ಸುಮಾರು ಒಂಬತ್ತು ಸಾವಿರ ಕಳೆಯುವ ಮಟ್ಟಕ್ಕೆ ಬಂದಿತ್ತು. ಹೆಂಡತಿಯ ಚಿನ್ನದ ಬೋರಮಾಳ ಸರ ‘ಪಾಲಿಶ್‌ಗೆ ಕೊಟ್ಟೇನಿ’ ಎಂಬ ಮಾತಿನೊಂದಿಗೆ ಗಿರವಿ ಅಂಗಡಿ ಸೇರಿತ್ತು.

ಮೊದಲ ತಡೆ: 2021

ಆ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ವಿಧಾನಮಂಡಲವು 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ ಆಟಗಳೇ ಆಗಿದ್ದರೂ, ನಿಷೇಧಿಸಿತು. ಗರಿಷ್ಠ ಶಿಕ್ಷೆ ಮೂರು ವರ್ಷ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡ. ಬಹುತೇಕ ಅಪರಾಧಗಳು ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದವು) ಮತ್ತು ಜಾಮೀನುರಹಿತ. ಲಾಟರಿ ಮತ್ತು ಕುದುರೆ ರೇಸನ್ನು ಮಾತ್ರ ಹೊರಗಿಡಲಾಯಿತು. (ಕುದುರೆಯ ಮೇಲಿನ ಪಣಕ್ಕೆ ನಮ್ಮ ಕಾನೂನು ತೋರುವ ಮಮತೆಯೇ ಬೇರೆ.) ಅಕ್ಟೋಬರ್ 5ರಿಂದ ಕಾಯ್ದೆ ಜಾರಿಗೆ ಬಂತು. ಒಂದೊಂದಾಗಿ ಕಂಪನಿಗಳು ಕರ್ನಾಟಕದೊಳಗಿನ ಬಳಕೆದಾರರಿಗೆ ಹಣದ ಆಟ ನಿಲ್ಲಿಸಿದವು. ಫೋನಿನ ಲೊಕೇಶನ್ ನೋಡಿ ‘ನಿಮ್ಮ ರಾಜ್ಯದಲ್ಲಿ ಲಭ್ಯವಿಲ್ಲ’ ಎಂದು ತೋರಿಸುವ ವ್ಯವಸ್ಥೆ ಅದು.

ಮೊದಲ ವಾರ ಗುಮಾಸ್ತರಿಗೆ ಕೈಕಾಲು ಆಡದಂತಾಯಿತು. ಎರಡನೇ ವಾರ ನಿದ್ದೆ ಬರತೊಡಗಿತು. ಮೂರನೇ ವಾರ ಸಂಜೆ ಮಕ್ಕಳ ಜೊತೆ ಕೂತು ಊಟ ಮಾಡತೊಡಗಿದರು. ಈ ಬದಲಾವಣೆ ಹೆಂಡತಿಯ ಕಣ್ಣಿಗೆ ಬಿದ್ದಿತ್ತು. ನಾಲ್ಕು ವರ್ಷದ ಮೇಲೆ ನನ್ನ ಮುಂದೆ ಕೂತು ಅವರು ಹೇಳಿದ ಮಾತು ಇದು: “ಮೂರ ವಾರ ಮನಿಯಾಗ ಕುಂತ ಉಂಡ್ರು ನೋಡ್ರಿ. ನನಗ ಹಬ್ಬ ಆದಂಗ ಆಗಿತ್ತು. ಯಾಕ ಅಂತ ನಾ ಕೇಳಲಿಲ್ಲ. ಕೇಳಿದ್ರ ಮತ್ತ ಎಲ್ಲಿ ಎದ್ದ ಹೊಕ್ಕಾರೋ ಅಂತ ಅಂಜಿಕಿ.”

ಗುಮಾಸ್ತರೂ ಹೇಳಲಿಲ್ಲ. ಸಾಲ ಬಯಲಾಗುವ ನಾಚಿಕೆ ಒಂದು ಕಾರಣ. ಆಗಿನ ಕಾಯ್ದೆ ಹುಟ್ಟಿಸಿದ ಭಯ ಇನ್ನೊಂದು. ಆಡಿದವರನ್ನೂ ಒಳಗೆ ಹಾಕುತ್ತಾರೆ, ಜಾಮೀನೂ ಸಿಗುವುದಿಲ್ಲ ಎಂಬ ಮಾತು ಕಾರ್ಖಾನೆಯ ಗೇಟಿನಲ್ಲಿ ಹಬ್ಬಿತ್ತು. ಆಸ್ಪತ್ರೆಗೆ ಹೋಗಿ ಹೇಳಿಕೊಂಡರೆ ಅದು ಠಾಣೆಗೆ ಮುಟ್ಟುತ್ತದೆಂದು ಅವರು ನಂಬಿದ್ದರು.

ಅಕ್ಟೋಬರ್ ಕೊನೆಗೆ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು: ಗಡಿ ದಾಟಿದರೆ ಆ್ಯಪ್ ತೆರೆಯುತ್ತದೆ. ಹನ್ನೆರಡು ಕಿಲೋಮೀಟರ್ ಬೈಕಿನಲ್ಲಿ ಹೋಗಿ, ಮಹಾರಾಷ್ಟ್ರದ ಮೊದಲ ಊರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಭಾನುವಾರ ಮಧ್ಯಾಹ್ನ ಎರಡು ಮೂರು ತಾಸು ಆಡಿ ಬರತೊಡಗಿದರು. ನಗು ಬರುವಂಥ ಸಂಗತಿ. ಆದರೆ ಲೆಕ್ಕ ಹಾಕಿದಾಗ ಸಿಕ್ಕ ಅಂಕಿ ನಗುವಂಥದ್ದಲ್ಲ. ಆ ಮೂರೂವರೆ ತಿಂಗಳಲ್ಲಿ ಅವರು ಕಳೆದದ್ದು ಒಟ್ಟು 14,000 ರೂಪಾಯಿ. ಅದಕ್ಕೆ ಮೊದಲು ಒಂದೂವರೆ ತಿಂಗಳಿಗೆ ಅಷ್ಟು ಹೋಗುತ್ತಿತ್ತು. ಬೈಕ್ ಹೊರತೆಗೆಯಬೇಕು, ಪೆಟ್ರೋಲ್ ಹಾಕಿಸಬೇಕು, ಮನೆಯಲ್ಲಿ ಒಂದು ಸುಳ್ಳು ಹೇಳಬೇಕು. ಇಷ್ಟು ಅಡಚಣೆ ನಡುವೆ ಬಂದದ್ದರಿಂದ ಆಟ ವಾರದಲ್ಲಿ ಒಂದು ದಿನಕ್ಕೆ ಇಳಿಯಿತು. ತೂತುಬಿದ್ದ ನಿಷೇಧವೂ ಸ್ವಲ್ಪ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಾನು ಕಂಡಿಲ್ಲ.

2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಕೌಶಲದ ಆಟ ಮತ್ತು ಅದೃಷ್ಟದ ಆಟಗಳ ನಡುವಿನ ಭೇದವನ್ನು ಕಾಯ್ದೆ ಅಳಿಸಿಹಾಕಿದೆ ಎಂಬುದು ಮುಖ್ಯ ಆಕ್ಷೇಪ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಸಂವಿಧಾನಕ್ಕೆ ಅನುಗುಣವಾಗಿ ಬೆಟ್ಟಿಂಗ್ ಮತ್ತು ಜೂಜಿನ ವಿರುದ್ಧ ಸೂಕ್ತ ಕಾನೂನು ತರಲು ಅಡ್ಡಿಯಿಲ್ಲವೆಂದೂ ಹೈಕೋರ್ಟ್ ಸೇರಿಸಿತ್ತು. ಆದರೆ ಆ ಸಾಲು ಕಾಟಾದವರೆಗೆ ಬರಲಿಲ್ಲ. ಬಂದದ್ದು ಇಷ್ಟೇ: ಆಟ ಮತ್ತೆ ಶುರು, ಮರಳಿ ಬಂದವರಿಗೆ ಬೋನಸ್.

ಆ ತೀರ್ಪು ಗುಮಾಸ್ತರ ತಲೆಯೊಳಗೆ ಮಾಡಿದ ಕೆಲಸವನ್ನು ಪ್ರತ್ಯೇಕವಾಗಿ ಹೇಳಬೇಕು. “ಕೋರ್ಟ ಹೇಳೈತಿ ಅಂದಮ್ಯಾಲ ಇದು ಜೂಜ ಹೆಂಗ ಆಕ್ಕೈತ್ರಿ? ನನ್ನ ಆಟದಾಗ ಕಸರ ಐತಿ, ಸುಧಾರಿಸಿಕೊಂಡ್ರ ರೊಕ್ಕ ತಿರುಗಿ ಬರತೈತಿ ಅಂತ ತಿಳದಿದ್ದೆ” ಎಂದು ಅವರು ನನಗೆ ಹೇಳಿದರು. ವ್ಯಾಪಾರದ ಹಕ್ಕನ್ನು ನಿರ್ಣಯಿಸಲು ನ್ಯಾಯಾಲಯ ಬಳಸಿದ ಪದವೊಂದು, ಚಟಕ್ಕೆ ಬಿದ್ದವರ ಕೈಯಲ್ಲಿ, ಸೋಲನ್ನು ಬೆನ್ನಟ್ಟಲು ಪರವಾನಗಿಯಾಯಿತು. ಸೋತದ್ದು ತನ್ನ ಕೌಶಲ ಸಾಲದ್ದರಿಂದ ಎಂದು ನಂಬಿದವರು ನಿಲ್ಲಿಸುವುದಿಲ್ಲ, ಅಭ್ಯಾಸ ಮಾಡುತ್ತಾರೆ.

ನಡುವಿನ ವರ್ಷಗಳ ತೆರಿಗೆ

2023ರಲ್ಲಿ ಕೇಂದ್ರ ಸರ್ಕಾರ ತೆರಿಗೆಯ ದಾರಿ ಹಿಡಿಯಿತು. ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ಟಿಡಿಎಸ್ (ಹಣ ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ), ಅಕ್ಟೋಬರ್ 1ರಿಂದ ಆಟಕ್ಕೆ ಕಟ್ಟುವ ಹಣದ ಪೂರ್ಣ ಮೌಲ್ಯದ ಮೇಲೆ ಶೇ. 28 ಜಿಎಸ್‌ಟಿ. ಮೊದಲನೆಯದು ಗುಮಾಸ್ತರನ್ನು ಮುಟ್ಟಲೇ ಇಲ್ಲ, ಏಕೆಂದರೆ ವರ್ಷದ ಕೊನೆಗೆ ಅವರಿಗೆ ನಿವ್ವಳ ಗೆಲುವು ಎಂಬುದೇ ಇರಲಿಲ್ಲ. ಎರಡನೆಯದು ಮುಟ್ಟಬೇಕಿತ್ತು: 100 ರೂಪಾಯಿ ಹಾಕಿದರೆ 21.88 ತೆರಿಗೆಗೆ ಹೋಗಿ 78.12 ಮಾತ್ರ ಆಟಕ್ಕೆ ಉಳಿಯಬೇಕು. ಆದರೆ ಅವರು ಆಡುತ್ತಿದ್ದ ಆ್ಯಪ್ ಆ 21.88ನ್ನು ಬೋನಸ್ ರೂಪದಲ್ಲಿ ತುಂಬಿಕೊಡುತ್ತಿತ್ತು. ಬೋನಸ್ಸನ್ನು ಆಡಬಹುದು, ಬ್ಯಾಂಕಿಗೆ ತೆಗೆಯಲಾಗದು. ಹೀಗಾಗಿ ಹಾಕಿದ ಹಣದ ಐದರಲ್ಲೊಂದು ಪಾಲು ಆಟದೊಳಗೇ ಉಳಿಯಿತು. ಆಟಗಾರನಿಗೆ ನೋವು ತಿಳಿಯಬೇಕಿದ್ದ ತೆರಿಗೆ ಅವನಿಗೆ ಉಡುಗೊರೆಯಂತೆ ಕಂಡಿತು.

ಅದೇ ವರ್ಷ ಅಕ್ಕನ ಗಂಡ ಒಂದೂವರೆ ಲಕ್ಷ ಕೊಟ್ಟು, ಮನೆಯವರಿಗೆ ಗೊತ್ತಾಗಿದ್ದಷ್ಟು ಸಾಲವನ್ನು ತೀರಿಸಿದ್ದರು. ತಾಯಿ ಯಲ್ಲಮ್ಮನ ಮೇಲೆ ಆಣೆ ಹಾಕಿಸಿದ್ದರು. ಆಟ ಮತ್ತೆ ಶುರುವಾಗಲು ನಲವತ್ತು ದಿನ ಸಾಕಾಯಿತು.

ಎರಡನೇ ತಡೆ: 2025

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನು ಬದಿಗಿಟ್ಟು ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನೂ ಇದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, ಐವತ್ತು ಲಕ್ಷ. ಹಣ ಸಾಗಿಸಲು ನೆರವಾಗುವ ಬ್ಯಾಂಕು ಮತ್ತು ಪಾವತಿ ಸಂಸ್ಥೆಗಳಿಗೂ ಶಿಕ್ಷೆ. ಆಡುವವರಿಗೆ ಮಾತ್ರ ಶಿಕ್ಷೆಯಿಲ್ಲ. ಅವರನ್ನು ಬಲಿಪಶುಗಳೆಂದು ಭಾವಿಸಲಾಗಿದೆ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರದ ಅಂದಾಜಾಗಿತ್ತು. ಅಂಕಿತ ಬಿದ್ದ ಆಸುಪಾಸಿನಲ್ಲೇ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿದಂತೆ ವಿವಿಧ ಹೈಕೋರ್ಟುಗಳಲ್ಲಿ ಹೂಡಿದ್ದ ಅರ್ಜಿಗಳನ್ನು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು.

ಆ ಹೊತ್ತಿಗೆ ಗುಮಾಸ್ತರ ಸಾಲ 4.8 ಲಕ್ಷ. ಆ್ಯಪಿನ ವ್ಯಾಲೆಟ್ಟಿನಲ್ಲಿ ಉಳಿದಿದ್ದ 2,340 ರೂಪಾಯಿ ಖಾತೆಗೆ ಬಂತು. ಮತ್ತೆ ಮೂರು ವಾರ ನಿದ್ದೆ, ಊಟ, ಮಕ್ಕಳು. ಮತ್ತೆ ಯಾರೂ ಏನೂ ಕೇಳಲಿಲ್ಲ.

ಸೆಪ್ಟೆಂಬರ್ 11ರಂದು, ಏಷ್ಯಾ ಕಪ್ ಶುರುವಾದ ಮೂರನೇ ದಿನ, ಹಿಂದೆ ಕಾರ್ಖಾನೆಯಲ್ಲಿದ್ದ ಪರಿಚಿತರೊಬ್ಬರ ವಾಟ್ಸ್ಆ್ಯಪ್ ಸಂದೇಶ ಬಂತು: ‘ಐಡಿ ಬೇಕೇನು?’ ಹೊರದೇಶದಿಂದ ನಡೆಯುವ ಬೆಟ್ಟಿಂಗ್ ಸೈಟಿನ ಒಂದು ಐಡಿ ಮತ್ತು ಪಾಸ್‌ವರ್ಡ್ ಅದು. ಹಣ ಕಟ್ಟಲು ಪ್ರತಿ ಬಾರಿ ಬೇರೆ ಬೇರೆ ಹೆಸರಿನ ಬಾಡಿಗೆ ಖಾತೆಗಳ ಯುಪಿಐ ಸಂಖ್ಯೆ. ಹಳೆಯ ಆ್ಯಪಿಗೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ಉದ್ರಿ. ಆ್ಯಪಿನಲ್ಲಿ ಮೊದಲು ಹಣ ಹಾಕಬೇಕಿತ್ತು, ಖಾತೆ ಬರಿದಾದರೆ ಆಟ ನಿಲ್ಲುತ್ತಿತ್ತು. ಐಡಿ ಕೊಟ್ಟವರು ಗುರುತಿನವರಾದ್ದರಿಂದ ಸೋತದ್ದನ್ನು ವಾರದ ಕೊನೆಗೆ ಕೊಟ್ಟರೂ ನಡೆಯುತ್ತಿತ್ತು. ಆಟದ ವಯಸ್ಸಿನ ಮಿತಿ, ತಿಂಗಳ ಮಿತಿ, ಕಳೆದದ್ದೆಷ್ಟು ಎಂದು ತೋರಿಸುವ ಪುಟ ಯಾವುದೂ ಇಲ್ಲ. ಸೆಪ್ಟೆಂಬರ್ 28ರ ಫೈನಲ್ ಮುಗಿಯುವಷ್ಟರಲ್ಲಿ, ಹದಿನೆಂಟು ದಿನಗಳಲ್ಲಿ, 1.1 ಲಕ್ಷ ಹೋಗಿತ್ತು. ಅದರಲ್ಲಿ 70,000 ಉದ್ರಿ. ಹಿಂದಿನ ಐದು ವರ್ಷಗಳ ಯಾವ ತಿಂಗಳಲ್ಲೂ ಅವರು ಇಷ್ಟು ಕಳೆದಿರಲಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ

ಪ್ರಕರಣ ತಿರುಗಿದ್ದು ಸೋಲಿನಿಂದಲ್ಲ, ಒಂದು ಗೆಲುವಿನಿಂದ. ಸೆಪ್ಟೆಂಬರ್ ಮಧ್ಯದಲ್ಲಿ ಅವರು 9,000 ರೂಪಾಯಿ ಗೆದ್ದಿದ್ದರು. ಅದು ಯಾರದೋ ಖಾತೆಯಿಂದ ಅವರ ಸಂಬಳದ ಖಾತೆಗೆ ಬಂದಿತ್ತು. ಆ ಬಾಡಿಗೆ ಖಾತೆಯಲ್ಲಿ ಬೇರೆ ರಾಜ್ಯದ ಯಾರೋ ಸೈಬರ್ ವಂಚನೆಯಲ್ಲಿ ಕಳೆದುಕೊಂಡ ಹಣವೂ ಹಾದುಹೋಗಿತ್ತು. ಹಾಗೆ ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಗ, ಹಣ ಹರಿದ ಸರಪಣಿಯಲ್ಲಿದ್ದ ಖಾತೆಗಳನ್ನೆಲ್ಲ ತಡೆಹಿಡಿಯಲಾಯಿತು. ಅಕ್ಟೋಬರಿನ ಸಂಬಳ ಖಾತೆಗೆ ಬಂತು, ಕೈಗೆ ಬರಲಿಲ್ಲ. ‘ಸರ್ವರ್ ಡೌನ್’ ಎಂಬ ಸುಳ್ಳು ದೀಪಾವಳಿ ದಾಟುವವರೆಗೆ ನಡೆಯಿತು. ಅಕ್ಟೋಬರ್ 27ರಂದು ಹೆಂಡತಿ ತಾವೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರು. ಗಂಡ ಹಿಂದೆ ಹಿಂದೆ. ಕೌಂಟರಿನಲ್ಲಿದ್ದ ಬ್ಯಾಂಕಿನ ಸಿಬ್ಬಂದಿ ಪರದೆ ನೋಡಿ, “ಸೈಬರ್ ಪೊಲೀಸರ ಹೋಲ್ಡ್ ಐತ್ರಿ, ಯಾವ ವ್ಯವಹಾರ ಅಂತ ನಿಮ್ಮ ಮನಿಯವ್ರನ್ನ ಕೇಳ್ರಿ” ಎಂದರಂತೆ. ಹಿಂದೆ ಸಾಲಿನಲ್ಲಿ ಸಂಘದ ಇಬ್ಬರು ಹೆಂಗಸರು ನಿಂತಿದ್ದರು. ಗುಮಾಸ್ತರು ಅಲ್ಲೇ, ಹಣ ತುಂಬುವ ಚೀಟಿ ಇಡುವ ಮೇಜಿಗೆ ಒರಗಿ, ಐದು ವರ್ಷದ್ದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದರು.

ಶಿಬಿರದಲ್ಲಿ ನಾನು ಮೊದಲು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. “ಯಾವ ಆ್ಯಪ್?” ಎಂದೆ. “ಈಗ ಯಾವ ಆ್ಯಪೂ ಇಲ್ರಿ, ಎಲ್ಲಾ ಬಂದ್ ಆಗ್ಯಾವು” ಎಂದರು. ಅದು ಅಕ್ಷರಶಃ ನಿಜ. ಆಗಸ್ಟಿನಿಂದ ಆಟ ನಿಂತಿದೆ ಎಂದು ನಾನು ಬರೆದೂಬಿಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಡತಿ, “ಐಡೀದ್ದ ಹೇಳ್ರಿ ಅವ್ರಿಗೆ” ಎಂದದ್ದರಿಂದ ಉಳಿದೆ. ಈಗ ನಾವು ಎಲ್ಲರಿಗೂ ಕೇಳುವುದು ‘ಕಳೆದ ಬಾರಿ ಹಣ ಯಾರ ಕೈಗೆ, ಯಾವ ದಾರಿಯಲ್ಲಿ ಹೋಯಿತು’ ಎಂದು.

ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದೆವು. ಅನಿಸಿತ್ತು, ಎರಡು ರಾತ್ರಿ. ಆದ್ದರಿಂದ ಆ ದಿನ ಸಾಲದ ಮಾತಿಗಿಂತ ಮೊದಲು ಮನೋವೈದ್ಯರ ಭೇಟಿ, ಖಿನ್ನತೆಗೆ ಔಷಧ, ರಾತ್ರಿ ಒಬ್ಬರೇ ಇರದಂತೆ ಏರ್ಪಾಡು ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಇಬ್ಬರ ಫೋನಿನಲ್ಲೂ ಸೇರಿಸುವುದು ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಜೂಜಿನ ಚಟ ಒಂದು ಕಾಯಿಲೆ, ಅದರಲ್ಲೂ ಆನ್‌ಲೈನ್ ಜೂಜು ಪ್ರತ್ಯೇಕ ಪ್ರಕಾರವಾಗಿ ನಮೂದಾಗಿದೆ ಎಂದು ವಿವರಿಸಿದಾಗ ಗುಮಾಸ್ತರಿಗಿಂತ ಅವರ ಹೆಂಡತಿಯ ಮುಖದಲ್ಲಿ ಬದಲಾವಣೆ ಕಂಡಿತು.

ಮನೆಯಲ್ಲಿ ದೊಡ್ಡ ಜಟಾಪಟಿ ನಡೆದದ್ದು ಹೊಲದ ಬಗ್ಗೆ. “ಹೊಲಾ ಮಾರಿ ಒಮ್ಮೆ ಮುಗಿಸಿಬಿಡೂಣು, ಮರ್ಯಾದಿ ಉಳೀಲಿ” ಎಂಬುದು ತಾಯಿಯ ಹಟ. ಬೇಡವೆಂದು ನಾವು ಹೇಳಿದೆವು. 2023ರಲ್ಲಿ ಒಂದೇ ಏಟಿಗೆ ಸಾಲ ತೀರಿಸಿದ್ದರ ಫಲ ನಲವತ್ತು ದಿನದಲ್ಲಿ ಕಂಡಿತ್ತು. ಸಾಲ ತೀರಿದರೆ ಹೊಸ ಸಾಲ ಹುಟ್ಟಲು ಜಾಗವಾಗುತ್ತದೆ. ತಾಯಿಗೆ ನಾವು ಕಟುಕರಂತೆ ಕಂಡಿರಬೇಕು. ಕೊನೆಗೆ ಸೊಸೆಯೇ ಸಂಘದ ಲೆಕ್ಕದ ಪುಸ್ತಕದಂಥದ್ದೇ ಒಂದು ತಂದು, ಬ್ಯಾಂಕಿನದು 1.9 ಲಕ್ಷ, ಪತ್ತಿನ ಸಂಘದ್ದು 1.2, ಬಳಗದ್ದು 90 ಸಾವಿರ, ಬಂಗಾರದ ಸಾಲ 80 ಸಾವಿರ ಎಂದು ಸಾಲು ಸಾಲಾಗಿ ಬರೆದು, ತಿಂಗಳಿಗೆ ಯಾರಿಗೆಷ್ಟು ಎಂದು ಅತ್ತೆಗೆ ಓದಿ ಹೇಳಿದರು. ಹೊಲ ಉಳಿಯಿತು.

ಐಡಿಯವರ 70,000 ಆ ಪುಸ್ತಕದಲ್ಲಿ ಬರಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು 1872ರ ಕರಾರು ಕಾಯ್ದೆಯ 30ನೇ ಕಲಮನ್ನು ವಿವರಿಸಿದರು: ಪಣದ ಕರಾರು ಅನೂರ್ಜಿತ, ಅದರ ವಸೂಲಿಗೆ ದಾವೆ ಹೂಡಲಾಗದು. ಆದರೆ ವಸೂಲಿಗೆ ಬರುವವರು ಕೋರ್ಟಿಗೆ ಹೋಗುವುದಿಲ್ಲ, ಮನೆಗೆ ಬರುತ್ತಾರೆ. ಇಬ್ಬರು ಬಂದೇ ಬಂದರು. ಇಲ್ಲಿ ಎರಡನೇ ದೊಡ್ಡ ನಿರ್ಧಾರ. ಖಾತೆ ಬಿಡಿಸಿಕೊಳ್ಳಲು ಸೈಬರ್ ಪೊಲೀಸರಿಗೆ ವಿವರಣೆ ಬರೆದುಕೊಡಬೇಕು. 9,000 ಎಲ್ಲಿಂದ ಬಂತೆಂದರೆ ಏನು ಹೇಳುವುದು? ಕ್ರಿಕೆಟ್ ಬೆಟ್ಟಿಂಗ್ ರಾಜ್ಯದ ಪೊಲೀಸ್ ಕಾಯ್ದೆಯಡಿ ಹಿಂದಿನಿಂದಲೂ ಅಪರಾಧವೇ. ಕೈಗಡ ಎಂದು ಬರೆಯಲು ಸಲಹೆ ಕೊಟ್ಟವರೂ ಇದ್ದರು. ಗುಮಾಸ್ತರು, ವಕೀಲರ ಜೊತೆ ಕೂತು, ಇದ್ದದ್ದನ್ನೇ ಬರೆದರು. ಹೊಸ ಕೇಂದ್ರ ಕಾಯ್ದೆ ಆಡುವವರನ್ನು ಅಪರಾಧಿ ಎನ್ನುವುದಿಲ್ಲ ಎಂಬ ಮಾತು ಆ ಧೈರ್ಯಕ್ಕೆ ಒತ್ತಾಸೆಯಾಯಿತು. ಡಿಸೆಂಬರಿನ ಎರಡನೇ ವಾರ ವಿವಾದದ 9,000 ಮಾತ್ರ ತಡೆದು ಉಳಿದ ಹಣ ಬಿಟ್ಟರು. ಆ ವಿವರಣೆಯ ಪತ್ರದಲ್ಲಿ ತಮ್ಮ ಹೆಸರು ಬಂದದ್ದು ತಿಳಿದ ಮೇಲೆ ವಸೂಲಿಯವರು ಮತ್ತೆ ಬರಲಿಲ್ಲ.

ಸಂಬಳ ಈಗ ಜಂಟಿ ಖಾತೆಗೆ ಬರುತ್ತದೆ. ಯುಪಿಐ ಮಿತಿ ದಿನಕ್ಕೆ 500. ಗುಂಡಿ ಫೋನು ಕೊಡಿಸುವ ಯೋಚನೆ ನಡೆಯಲಿಲ್ಲ, ಏಕೆಂದರೆ ಗಾಡಿಗಳ ಸರದಿ ಬರುವುದೇ ಕಾರ್ಖಾನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ. ಬದಲಿಗೆ ರಾತ್ರಿ ಪಾಳಿ ಬಿಡಿಸಿದೆವು. ವೈದ್ಯರು ಪತ್ರದಲ್ಲಿ ‘ನಿದ್ರೆಯ ತೊಂದರೆ’ ಎಂದಷ್ಟೇ ಬರೆದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ, ಆದರೆ ನಿಜ ಬರೆದಿದ್ದರೆ ಕೆಲಸ ಉಳಿಯುತ್ತಿತ್ತೆಂಬ ಭರವಸೆಯೂ ಇರಲಿಲ್ಲ.

ಡಿಸೆಂಬರಿನ ದಕ್ಷಿಣ ಆಫ್ರಿಕಾ ಸರಣಿಯಲ್ಲಿ ಒಮ್ಮೆ ಜಾರಿದರು: ಮದುವೆಮನೆಯಲ್ಲಿ ಸೋದರಸಂಬಂಧಿಯ ಫೋನಿನಿಂದ 3,000. ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಹೆಂಡತಿಗೆ ತಾವಾಗಿ ಹೇಳಿದರು. ಅವರು ಬೈಯಲಿಲ್ಲವಂತೆ, ಪುಸ್ತಕ ತೆರೆದು ‘3,000, ಮದುವಿ’ ಎಂದು ಬರೆದರು. ಐದು ವರ್ಷ ಬಚ್ಚಿಟ್ಟದ್ದು ಹೊರಬರಲು ಪೊಲೀಸ್ ಹೋಲ್ಡ್ ಬೇಕಾಯಿತು, ಇದು ಒಂದು ರಾತ್ರಿಯಲ್ಲಿ ಹೊರಬಂತು. ನಮ್ಮ ದಾಖಲೆಯಲ್ಲಿ ಇದನ್ನು ಹಿನ್ನಡೆಯೆಂದು ಬರೆಯುವ ಕಾಲಂ ಇದೆ. ನಾನು ಅಲ್ಲಿ ಬರೆದೆನಾದರೂ ಮನಸ್ಸು ಒಪ್ಪಲಿಲ್ಲ.

ಇದೇ ಕೆಲಸದಲ್ಲಿರುವವರ ಗಮನಕ್ಕೆ ಎರಡು ಸಂಗತಿ. ಕಾನೂನು ಆಟ ನಿಲ್ಲಿಸಿದ ದಿನದಿಂದ ಕೆಲವೇ ವಾರ ಮನೆಯವರಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಒಂದು ಅವಕಾಶ ಸಿಗುತ್ತದೆ. ಕೇಳದೆ ಬಿಟ್ಟರೆ ಆ ಜಾಗಕ್ಕೆ ಐಡಿ ಮಾರುವವರು ಬರುತ್ತಾರೆ, ಅವರಿಗೆ ಹಳೆಯ ಆಟಗಾರರ ಫೋನ್ ನಂಬರ್ ಗೊತ್ತಿರುತ್ತದೆ. ಎರಡನೆಯದು, ಹಳೆಯ ಆ್ಯಪ್ ಇದ್ದಾಗ ಕಳೆದದ್ದಕ್ಕೆ ದಾಖಲೆಯಿತ್ತು, ಮನೆಯವರು ಕೇಳಿದರೆ ತೋರಿಸಬಹುದಿತ್ತು. ಈಗ ದಾಖಲೆಯೆಂದರೆ ಅಪರಿಚಿತ ಹೆಸರುಗಳ ಯುಪಿಐ ಸಾಲುಗಳು ಮಾತ್ರ. ಪಾಸ್‌ಬುಕ್ ತರಿಸಿ ಓದುವ ಅಭ್ಯಾಸ ನಮ್ಮ ಶಿಬಿರದಲ್ಲಿ ಈ ಪ್ರಕರಣದಿಂದ ಶುರುವಾಯಿತು.

2026ರ ಜನವರಿ 27ರ ಮಂಗಳವಾರ ಅವರು ಮತ್ತೆ ಬಂದಿದ್ದರು. ಫೆಬ್ರವರಿ 7ರಿಂದ ಟಿ20 ವಿಶ್ವಕಪ್ ಶುರುವಾಗಲಿತ್ತು. ಹೆಂಡತಿ ಪುಸ್ತಕದ ಹೊಸ ಪುಟದಲ್ಲಿ ಭಾರತದ ಪಂದ್ಯಗಳ ದಿನಾಂಕ ಬರೆದು, ಪ್ರತಿಯೊಂದರ ಮುಂದೆ ಆ ಸಂಜೆ ಗಂಡನ ಜೊತೆ ಯಾರು ಇರುತ್ತಾರೆಂದು ನಮೂದಿಸಿದ್ದರು: ಅಕ್ಕ, ಭಾವ, ಭಜನಿ ಮಂಡಳಿ. ಒಂದು ದಿನಾಂಕದ ಮುಂದೆ ಖಾಲಿ ಇತ್ತು. ಗುಮಾಸ್ತರು ನನ್ನ ಮೇಜಿನ ಮೇಲಿದ್ದ ಪೆನ್ನು ತಗೊಂಡು, ತೂಕದ ಚೀಟಿ ಬರೆಯುವ ಅದೇ ಗುಂಡು ಅಕ್ಷರದಲ್ಲಿ, “ಫೋನ್ ನಿನ್ನ ಕಡೆ, ನಾನು ಹೊಲದಾಗ, ನೀರು ಹಾಸೂದು” ಎಂದು ತುಂಬಿದರು.